ಬೂದಿ ಮುಚ್ಚಿದ ಕೆಂಡ: ಸಣ್ಣ ಕಾರು, ದೊಡ್ಡ ಇಂಜಿನ್, ಮತ್ತು ನಮ್ಮ ಭೌತಶಾಸ್ತ್ರದ ಪಾಠ

ಹೊರಗಿನಿಂದ ನೋಡಿದರೆ ಅದೊಂದು ಹಳೆಯ ಮಾರುತಿ ಝೆನ್. ಬಣ್ಣ ಮಾಸಿದೆ, ಚಕ್ರಗಳು ಸಾದಾ, ಸ್ಟಿಕ್ಕರ್ ಒಂದೂ ಇಲ್ಲ. ಆದರೆ ಬಾನೆಟ್ ಕೆಳಗೆ ಇರುವುದು ಝೆನ್ ಇಂಜಿನ್ ಅಲ್ಲ, ಅದಕ್ಕಿಂತ ದೊಡ್ಡ ಎಸ್ಟೀಮ್ ಕಾರಿನ ಇಂಜಿನ್. ಇಂಥ ಕಾರಿಗೆ ವಾಹನಪ್ರಿಯರು ಇಟ್ಟಿರುವ ಹೆಸರು 'ಸ್ಲೀಪರ್'. ಬೆಂಗಳೂರಿಗೆ ರಾತ್ರಿ ಹೊರಡುವ ಸ್ಲೀಪರ್ ಬಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ನೋಡಲು ನಿದ್ದೆ ಮಾಡುತ್ತಿರುವಂತೆ ಕಂಡು, ಆಕ್ಸಿಲರೇಟರ್ ಒತ್ತಿದಾಗ ಎದ್ದು ಓಡುವುದು ಎಂಬ ಅರ್ಥ. ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಮಾತೇ ಇದೆ: ಬೂದಿ ಮುಚ್ಚಿದ ಕೆಂಡ.

ಬ್ರಿಟನ್ನಿನಲ್ಲಿ ಇಂಥವಕ್ಕೆ 'ಕ್ಯೂ ಕಾರು' ಎನ್ನುತ್ತಾರೆ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆ ಸಾಮಾನ್ಯ ಸರಕು ಹಡಗುಗಳಲ್ಲಿ ಫಿರಂಗಿಗಳನ್ನು ಮರೆಮಾಡಿ ಜರ್ಮನಿಯ ಜಲಾಂತರ್ಗಾಮಿಗಳನ್ನು ಹತ್ತಿರ ಸೆಳೆಯುತ್ತಿತ್ತು. ಆ 'ಕ್ಯೂ ಹಡಗು'ಗಳಿಂದ ಕಾರಿಗೆ ಈ ಹೆಸರು ಬಂತು.

ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಈ ವಿಷಯದಲ್ಲಿ ಆಸಕ್ತಿ ಇದೆ. ಕೆಲವರ ಮನೆಯಲ್ಲಿ ಗ್ಯಾರೇಜ್ ಇದೆ, ಕೆಲವರದು ಹಳೆಯ ವಾಹನಗಳ ವ್ಯಾಪಾರ. ಈ ಆಸಕ್ತಿಯನ್ನು ಬೈದು ಕೂರಿಸುವುದಕ್ಕಿಂತ ಅದನ್ನೇ ಪಾಠವಾಗಿ ಓದುವುದು ಒಳ್ಳೆಯದು. ಪ್ರಥಮ ಪಿಯುಸಿಯಲ್ಲಿ ಕಲಿಯುವ ಚಲನ ಶಕ್ತಿ, ಸಾಮರ್ಥ್ಯ, ಘರ್ಷಣೆ, ವಿಶಿಷ್ಟ ಉಷ್ಣ ಎಲ್ಲವೂ ಈ ಒಂದು ಕಾರಿನಲ್ಲಿ ಸಿಗುತ್ತವೆ.

ಇಂಜಿನ್ ಹೇಗೆ ಹೊಂದುತ್ತದೆ?

ಯಾವ ಇಂಜಿನ್ನನ್ನು ಬೇಕಾದರೂ ಯಾವ ಕಾರಿಗೆ ಬೇಕಾದರೂ ಕೂರಿಸಲು ಆಗುವುದಿಲ್ಲ. ಝೆನ್ ಮತ್ತು ಎಸ್ಟೀಮ್ ವಿಷಯದಲ್ಲಿ ಅದು ಸಾಧ್ಯವಾದದ್ದಕ್ಕೆ ಕಾರಣವಿದೆ. ಎರಡೂ ಸುಜುಕಿಯ 'ಜಿ' ಕುಟುಂಬದ, ನಾಲ್ಕು ಸಿಲಿಂಡರಿನ ಅಲ್ಯೂಮಿನಿಯಂ ಇಂಜಿನ್‌ಗಳು. 1993ರಲ್ಲಿ ಬಂದ ಝೆನ್ ಇಂಜಿನ್ 993 ಸಿಸಿ, 50 ಅಶ್ವಶಕ್ತಿ. ಎಸ್ಟೀಮ್ ಇಂಜಿನ್ 1298 ಸಿಸಿ. ಮೊದಲು 65 ಅಶ್ವಶಕ್ತಿ ಇದ್ದದ್ದು, ಎಂಪಿಎಫ್‌ಐ ಬಂದ ಮೇಲೆ 85 ಆಯಿತು. ಒಂದೇ ತಾಯಿಯ ಮಕ್ಕಳಾದ್ದರಿಂದ ಅಣ್ಣನ ಅಂಗಿ ತಮ್ಮನಿಗೆ ಸ್ವಲ್ಪ ತಿದ್ದಿದರೆ ಸರಿಹೋಗುತ್ತದೆ.

ಇದರಿಂದ ಆಗುವ ಬದಲಾವಣೆಯನ್ನು ಒಂದು ಟನ್ ತೂಕಕ್ಕೆ ಎಷ್ಟು ಅಶ್ವಶಕ್ತಿ ಎಂಬ ಲೆಕ್ಕದಲ್ಲಿ ನೋಡೋಣ. ಸುಮಾರು 765 ಕೆ.ಜಿ. ತೂಕದ ಝೆನ್‌ಗೆ 50 ಅಶ್ವಶಕ್ತಿ ಎಂದರೆ ಟನ್ನಿಗೆ 65. ಸುಮಾರು 875 ಕೆ.ಜಿ. ತೂಕದ ಎಸ್ಟೀಮ್‌ಗೆ 85 ಎಂದರೆ ಟನ್ನಿಗೆ 97. ಅದೇ ಇಂಜಿನ್ ಝೆನ್‌ಗೆ ಬಂದು, ತೂಕ 25 ಕೆ.ಜಿ. ಹೆಚ್ಚಿತು ಎಂದುಕೊಂಡರೂ ಟನ್ನಿಗೆ 108 ಆಗುತ್ತದೆ. ಅಂದರೆ ಇಂಜಿನ್ ಕೊಟ್ಟ ಎಸ್ಟೀಮ್‌ಗಿಂತ ಅದನ್ನು ಪಡೆದ ಝೆನ್ ಚುರುಕು. ಸ್ಲೀಪರಿನ ಗುಟ್ಟು ಇಷ್ಟೇ: ಹಗುರ ಮೈ, ಬಲವಾದ ಎದೆ.

ಕಾರ್ಖಾನೆಗಳೇ ಮಾಡಿದ ಸ್ಲೀಪರ್‌ಗಳು

ಈ ಕೆಲಸ ಬರೀ ಗ್ಯಾರೇಜ್ ಹುಡುಗರದ್ದಲ್ಲ. ದೊಡ್ಡ ಕಂಪನಿಗಳೂ ಮಾಡಿವೆ.

1959ರಲ್ಲಿ ಬ್ರಿಟನ್ನಿನಲ್ಲಿ ಬಂದ ಮಿನಿ ಕಾರಿಗೆ 848 ಸಿಸಿಯ, 34 ಅಶ್ವಶಕ್ತಿಯ ಇಂಜಿನ್ ಇತ್ತು. ರೇಸ್ ಕಾರುಗಳನ್ನು ಕಟ್ಟುತ್ತಿದ್ದ ಜಾನ್ ಕೂಪರ್ ಅವರ ಒತ್ತಾಯದಿಂದ 1961ರಲ್ಲಿ ಮಿನಿ ಕೂಪರ್ ಬಂತು: 997 ಸಿಸಿ, 55 ಅಶ್ವಶಕ್ತಿ. ಇದರ ಮುಂದಿನ ರೂಪವಾದ ಕೂಪರ್ ಎಸ್ 1964ರಲ್ಲಿ ಮಾಂಟೆ ಕಾರ್ಲೋ ರ್‍ಯಾಲಿ ಗೆದ್ದಿತು. ಇಲ್ಲಿ ನಾವು ಗಮನಿಸಬೇಕಾದ ವಿಷಯ ಬೇರೆ ಇದೆ. ಕೂಪರ್ ಮಾದರಿಗೆ ಇಂಜಿನ್ ಜೊತೆಗೆ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಕೊಟ್ಟರು. ಸಾದಾ ಮಿನಿಗೆ ಇದ್ದದ್ದು ಡ್ರಮ್ ಬ್ರೇಕ್.

ನಮ್ಮ ಅಂಬಾಸಿಡರ್ ಕಥೆಯೂ ಅದೇ. ದಶಕಗಳ ಕಾಲ 1489 ಸಿಸಿ ಪೆಟ್ರೋಲ್ ಇಂಜಿನ್ನಿನಲ್ಲಿ ಓಡಿದ ಆ ಕಾರಿಗೆ 1990ರ ದಶಕದ ಆರಂಭದಲ್ಲಿ ಇಸುಜು ಕಂಪನಿಯ 1.8 ಲೀಟರ್, 75 ಅಶ್ವಶಕ್ತಿಯ ಇಂಜಿನ್ ಬಂತು. ನೋಡಲು ಮಾತ್ರ ಅದೇ ತಹಶೀಲ್ದಾರರ ಕಚೇರಿಯ ಮುಂದೆ ನಿಲ್ಲುವ ಬಿಳಿ ಅಂಬಾಸಿಡರ್! ಆದರೆ ಅದಕ್ಕೂ ಇಂಜಿನ್ ಜೊತೆಗೆ ಐದು ಗೇರುಗಳ ಹೊಸ ಗೇರ್‌ಬಾಕ್ಸ್ ಬಂತು. ಮಾರುತಿ ಜಿಪ್ಸಿಯೂ ಹಾಗೆಯೇ: 1985ರಲ್ಲಿ 970 ಸಿಸಿಯಿಂದ ಶುರುವಾಗಿ, 1996ರಲ್ಲಿ 1298 ಸಿಸಿಯ ಜಿಪ್ಸಿ ಕಿಂಗ್ ಆಯಿತು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ್‍ಯಾಲಿಯಲ್ಲಿ ಜಿಪ್ಸಿ, ಎಸ್ಟೀಮ್‌ಗಳು ಬಹಳ ಓಡಿವೆ.

ಈ ಉದಾಹರಣೆಗಳಿಂದ ಒಂದು ನಿಯಮ ಹೊರಡುತ್ತದೆ: ಬಲ ಹೆಚ್ಚಿಸುವವನು ಆ ಬಲವನ್ನು ಹೊರುವ ಮತ್ತು ತಡೆಯುವ ಭಾಗಗಳನ್ನೂ ಹೆಚ್ಚಿಸಬೇಕು. ಈ ಲೇಖನದ ತಿರುಳು ಇಷ್ಟೇ. ಉಳಿದದ್ದು ಅದಕ್ಕೆ ಪುರಾವೆ.

ಲೆಕ್ಕ ಹಾಕಿ ನೋಡೋಣ

ಝೆನ್ ಕಾರಿನಲ್ಲಿ ಇಬ್ಬರು ಕೂತಿದ್ದಾರೆ, ಒಟ್ಟು ದ್ರವ್ಯರಾಶಿ 900 ಕೆ.ಜಿ. ಎಂದಿಟ್ಟುಕೊಳ್ಳಿ.

ಚಲನ ಶಕ್ತಿ = ½ × ದ್ರವ್ಯರಾಶಿ × ವೇಗ²

ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.67 ಮೀಟರ್. ಆಗ ಚಲನ ಶಕ್ತಿ 1,25,000 ಜೂಲ್.
ಗಂಟೆಗೆ 120 ಕಿ.ಮೀ. ಎಂದರೆ ಸೆಕೆಂಡಿಗೆ 33.33 ಮೀಟರ್. ಆಗ ಚಲನ ಶಕ್ತಿ 5,00,000 ಜೂಲ್.

ವೇಗ ಎರಡು ಪಟ್ಟು, ಶಕ್ತಿ ನಾಲ್ಕು ಪಟ್ಟು. ಸೂತ್ರದಲ್ಲಿರುವ ಆ ಚಿಕ್ಕ '2' ಪರೀಕ್ಷೆಯಲ್ಲಿ ಒಂದು ಅಂಕ, ರಸ್ತೆಯಲ್ಲಿ ಒಂದು ಜೀವ.

ಈಗ ಈ ಐದು ಲಕ್ಷ ಜೂಲ್ ತುಂಬಲು ಎಷ್ಟು ಹೊತ್ತು ಬೇಕು? 50 ಅಶ್ವಶಕ್ತಿ ಎಂದರೆ ಸುಮಾರು 37.3 ಕಿಲೋವ್ಯಾಟ್. ಗಾಳಿಯ ತಡೆ, ಗೇರ್ ಬದಲಿಸುವ ಸಮಯ ಯಾವುದನ್ನೂ ಲೆಕ್ಕಿಸದೆ ಭಾಗಿಸಿದರೆ 13.4 ಸೆಕೆಂಡು. 85 ಅಶ್ವಶಕ್ತಿ ಎಂದರೆ 63.4 ಕಿಲೋವ್ಯಾಟ್; ಆಗ 7.9 ಸೆಕೆಂಡು. ನಿಜವಾದ ರಸ್ತೆಯಲ್ಲಿ ಎರಡಕ್ಕೂ ಇದಕ್ಕಿಂತ ಹೆಚ್ಚು ಬೇಕು, ಆದರೆ ಅನುಪಾತ ಸರಿಸುಮಾರು ಹೀಗೆಯೇ. ಎಲ್ಲರೂ ಮೆಚ್ಚುವುದು ಈ ಭಾಗವನ್ನು. ಮೊಬೈಲಿನ ವಿಡಿಯೋಗಳು ತೋರಿಸುವುದೂ ಇದನ್ನೇ.

ಇನ್ನು ನಿಲ್ಲಿಸುವ ಭಾಗ. ಒಣ ರಸ್ತೆ, ಒಳ್ಳೆಯ ಟೈರು, ಘರ್ಷಣಾ ಗುಣಾಂಕ 0.7 ಎಂದರೆ ಕಾರು ಸೆಕೆಂಡಿಗೆ ಸೆಕೆಂಡಿಗೆ 7 ಮೀಟರ್ ದರದಲ್ಲಿ ವೇಗ ಕಳೆದುಕೊಳ್ಳಬಲ್ಲದು.

60ರಲ್ಲಿ: ಬ್ರೇಕ್ ಹಾಕಿದ ಮೇಲೆ ಸುಮಾರು 20 ಮೀಟರ್. ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಇನ್ನೊಂದು 17 ಮೀಟರ್. ಒಟ್ಟು 37.
120ರಲ್ಲಿ: ಬ್ರೇಕ್ ಹಾಕಿದ ಮೇಲೆ ಸುಮಾರು 79 ಮೀಟರ್, ಮೊದಲಿನ ಒಂದು ಸೆಕೆಂಡಿಗೆ 33 ಮೀಟರ್. ಒಟ್ಟು 112.

ಇಲ್ಲಿ ಒಂದು ಸ್ವಾರಸ್ಯವಿದೆ. 120ರಿಂದ ನಿಲ್ಲಲು ಹಿಡಿಯುವ ಸಮಯ 4.8 ಸೆಕೆಂಡು. ಅಷ್ಟರಲ್ಲಿ ಐದು ಲಕ್ಷ ಜೂಲ್ ಕಳೆಯಬೇಕು, ಅಂದರೆ ಸರಾಸರಿ 105 ಕಿಲೋವ್ಯಾಟ್. ಅಶ್ವಶಕ್ತಿಯಲ್ಲಿ ಹೇಳಿದರೆ ಸುಮಾರು 140. ಇಂಜಿನ್ 85 ಅಶ್ವಶಕ್ತಿಯದಾದರೆ ಬ್ರೇಕ್ 140 ಅಶ್ವಶಕ್ತಿಯ ಕೆಲಸ ಮಾಡಬೇಕು! ಕಾರಿನಲ್ಲಿ ಅತ್ಯಂತ ಬಲಶಾಲಿ ಯಂತ್ರ ಬಾನೆಟ್ ಕೆಳಗೆ ಇಲ್ಲ, ಚಕ್ರದ ಹಿಂದೆ ಇದೆ.

ಆ ಶಕ್ತಿ ಎಲ್ಲಿಗೆ ಹೋಗುತ್ತದೆ?

ಶಕ್ತಿ ನಾಶವಾಗುವುದಿಲ್ಲ, ಶಾಖವಾಗುತ್ತದೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕುಗಳ ಪಾಲು ಹೆಚ್ಚು. ಶೇಕಡ 70 ಎಂದುಕೊಳ್ಳೋಣ. ಮುಂದಿನ ಎರಡು ಡಿಸ್ಕ್‌ಗಳ ಒಟ್ಟು ತೂಕ 8 ಕೆ.ಜಿ. ಎಂದೂ, ಎರಕದ ಕಬ್ಬಿಣದ ವಿಶಿಷ್ಟ ಉಷ್ಣ 500 ಎಂದೂ ಹಿಡಿದರೆ, 60ರಿಂದ ಒಮ್ಮೆ ನಿಂತಾಗ ಡಿಸ್ಕ್ ಬಿಸಿ ಸುಮಾರು 22 ಡಿಗ್ರಿ ಏರುತ್ತದೆ. 120ರಿಂದ ಒಮ್ಮೆ ನಿಂತಾಗ ಸುಮಾರು 88 ಡಿಗ್ರಿ. ಆರಲು ಬಿಡದೆ ನಾಲ್ಕು ಸಲ ಹೀಗೆ ಮಾಡಿದರೆ ಮುನ್ನೂರು ಡಿಗ್ರಿ ದಾಟುತ್ತದೆ.

ಹೆಚ್ಚು ಬಿಸಿಯಾದ ಪ್ಯಾಡ್ ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕ್ ಆಯಿಲಿಗೂ ಕುದಿಯುವ ಬಿಂದು ಇದೆ. ಡಾಟ್-3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತಡೆಯಬೇಕು. ಗಾಳಿಯ ತೇವ ಹೀರಿಕೊಂಡ ಮೇಲೆ ಅದರ ಮಟ್ಟ 140ಕ್ಕೆ ಇಳಿಯುತ್ತದೆ. ಆಯಿಲ್ ಕುದ್ದರೆ ಪೈಪಿನಲ್ಲಿ ಆವಿಯ ಗುಳ್ಳೆ ಕೂರುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಹಾಗಾಗಿ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ಮಾತ್ರ ಹೋಗುತ್ತಲೇ ಇರುತ್ತದೆ.

ಉಳಿದ ಕೊಂಡಿಗಳು

ಬ್ರೇಕ್ ಒಂದೇ ಅಲ್ಲ. ಝೆನ್ ಇಂಜಿನ್ನಿನ ಟಾರ್ಕ್ ಸುಮಾರು 70 ನ್ಯೂಟನ್ ಮೀಟರ್, ಎಸ್ಟೀಮ್‌ನದು ಸುಮಾರು 110. ಮೊದಲ ಗೇರಿನಲ್ಲಿ ಇದು ಹದಿನಾಲ್ಕು ಪಟ್ಟು ಆಗುತ್ತದೆ ಎಂದು ಹಿಡಿದರೆ, 980 ಹೊರುತ್ತಿದ್ದ ಡ್ರೈವ್ ಶಾಫ್ಟ್ ಈಗ 1540 ಹೊರಬೇಕು. ಕ್ಲಚ್ ಪ್ಲೇಟು, ಗೇರಿನ ಹಲ್ಲು, ಇಂಜಿನ್ ಮೌಂಟಿಂಗ್, ಅದನ್ನು ಹಿಡಿದಿರುವ ಬಾಡಿಯ ತಗಡು ಎಲ್ಲಕ್ಕೂ ಇದೇ ಪಾಡು. ಇಪ್ಪತ್ತು ವರ್ಷ ಮಳೆ ಬಿಸಿಲು ಕಂಡು ತುಕ್ಕು ಹಿಡಿದ ತಗಡಿಗೆ ಇದು ಸಣ್ಣ ಹೊರೆಯಲ್ಲ.

ಇದು ಮುಂದಿನ ಚಕ್ರಗಳಿಂದ ಎಳೆಯುವ ಕಾರು. ಜೋರಾಗಿ ಹೊರಟಾಗ ಭಾರ ಹಿಂದಕ್ಕೆ ವಾಲಿ, ಎಳೆಯಬೇಕಾದ ಮುಂದಿನ ಚಕ್ರಗಳ ಹಿಡಿತವೇ ಕಡಿಮೆಯಾಗುತ್ತದೆ. ಸ್ಟೇರಿಂಗ್ ಒಂದು ಕಡೆಗೆ ಎಳೆಯುತ್ತದೆ. ದೊಡ್ಡ ಇಂಜಿನ್ನಿನ ಶಾಖಕ್ಕೆ ಸಣ್ಣ ರೇಡಿಯೇಟರ್ ಸಾಲದು. ಎಂಪಿಎಫ್‌ಐ ಇಂಜಿನ್ ಆದರೆ ಅದರ ವೈರಿಂಗ್, ಸೆನ್ಸರ್, ಕಂಪ್ಯೂಟರ್ ಎಲ್ಲವೂ ಜೊತೆಗೆ ಬರಬೇಕು. ಆದ್ದರಿಂದಲೇ ಕೆಲಸ ಬಲ್ಲ ಮೆಕ್ಯಾನಿಕ್ ಬರೀ ಇಂಜಿನ್ ತರುವುದಿಲ್ಲ. ಗೇರ್‌ಬಾಕ್ಸ್, ಶಾಫ್ಟ್, ಬ್ರೇಕ್ ಎಲ್ಲವನ್ನೂ ಒಟ್ಟಿಗೆ ತರುತ್ತಾನೆ. ಅರ್ಧ ಕೆಲಸಕ್ಕೆ ಅರ್ಧ ದುಡ್ಡು ಉಳಿಯಬಹುದು, ಆದರೆ ಸರಪಳಿ ತುಂಡಾಗುವುದು ಅದರ ಅತಿ ದುರ್ಬಲ ಕೊಂಡಿಯಲ್ಲೇ.

ನಂಜನಗೂಡಿನವರಿಗೆ ಇದನ್ನು ವಿವರಿಸಲು ಕಪಿಲೆಯ ಮೇಲಿನ ಹಳೆಯ ಸೇತುವೆಯೇ ಸಾಕು. 1735ರಲ್ಲಿ ದಳವಾಯಿ ದೇವರಾಜ ಕಟ್ಟಿಸಿದ ಆ ಕಲ್ಲಿನ ಸೇತುವೆ ಗಾಡಿಗಳನ್ನು ಹೊತ್ತಿತು, ಮುಂದೆ ಮೀಟರ್‌ಗೇಜ್ ರೈಲನ್ನೂ ಹೊತ್ತಿತು. ಬ್ರಾಡ್‌ಗೇಜ್ ಬಂದಾಗ ಮಾತ್ರ ಪಕ್ಕದಲ್ಲಿ ಹೊಸ ಸೇತುವೆ ಎದ್ದಿತು. ಹೊರೆ ಹೆಚ್ಚಾದರೆ ಹೊರುವುದೂ ಹೆಚ್ಚಾಗಬೇಕು. ರೈಲ್ವೆಗೆ ಗೊತ್ತಿರುವ ಈ ಮಾತು ಗ್ಯಾರೇಜಿಗೂ ಗೊತ್ತಿರಬೇಕು.

ಕಾನೂನು ಏನು ಹೇಳುತ್ತದೆ?

ಎಲ್ಲ ಭಾಗಗಳನ್ನೂ ಸರಿಯಾಗಿ ಬದಲಿಸಿದರೆ ಆಯಿತೇ? ರಸ್ತೆಯ ಮಟ್ಟಿಗೆ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೊದಲು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ ಸೆಕ್ಷನ್ 182ಎ, ಅನುಮತಿಯಿಲ್ಲದ ಬದಲಾವಣೆಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ಹೇಳುತ್ತದೆ.

ನಮ್ಮ ವಯಸ್ಸಿನವರಿಗೆ ಇನ್ನೂ ಹತ್ತಿರದ ಮಾತು ಸೆಕ್ಷನ್ 199ಎ. 18 ತುಂಬದವರು ವಾಹನ ಓಡಿಸಿ ಅಪರಾಧವಾದರೆ, ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಓಡಿಸಿದವರಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಮಗನ ಒಂದು ಸಂಜೆಯ ಆಸೆಗೆ ಅಬ್ಬಾ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ.

ಹಳೆಯ ಕಾರು ಕೊಳ್ಳುವ ಮನೆಗಳಿಗೆ ಒಂದು ಎಚ್ಚರಿಕೆ. ಝೆನ್ ತಯಾರಿಕೆ 2006ರಲ್ಲಿ ನಿಂತಿದ್ದರಿಂದ ಇಂದು ಓಡುವ ಪ್ರತಿ ಝೆನ್ 15 ವರ್ಷ ದಾಟಿದೆ, ನೋಂದಣಿ ನವೀಕರಣವಾಗಲೇಬೇಕು. ಆ ತಪಾಸಣೆಯಲ್ಲಿ ಇಂಜಿನ್ ನಂಬರ್, ಚಾಸಿಸ್ ನಂಬರ್ ಎರಡನ್ನೂ ಆರ್‌ಸಿಯೊಂದಿಗೆ ತಾಳೆ ನೋಡುತ್ತಾರೆ. ಮುಂಗಡ ಕೊಡುವ ಮೊದಲೇ ಟಾರ್ಚ್ ಹಿಡಿದು ನಾವೇ ನೋಡುವುದು ಒಳ್ಳೆಯದು. ವಿವರ ಮುಚ್ಚಿಟ್ಟ ಕಾರಿಗೆ ಅಪಘಾತವಾದರೆ ವಿಮಾ ಕಂಪನಿ ತಕರಾರು ಎತ್ತಬಹುದು.

ರಸ್ತೆ ದಾಟುವವರ ಲೆಕ್ಕ

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ರಾಷ್ಟ್ರೀಯ ಹೆದ್ದಾರಿ 766 ಗುಂಡ್ಲುಪೇಟೆಯಿಂದ ನಂಜನಗೂಡು, ಮೈಸೂರು, ಟಿ. ನರಸೀಪುರ ಹಾದು ಕೊಳ್ಳೇಗಾಲಕ್ಕೆ ಹೋಗುತ್ತದೆ. ಈ ಭಾಗದ ರಸ್ತೆಗಳಲ್ಲಿ ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು, ಎತ್ತಿನ ಗಾಡಿಗಳು, ಶಾಲೆಯ ಮಕ್ಕಳು, ಹಾಲಿನ ಕ್ಯಾನು ಕಟ್ಟಿದ ಸೈಕಲ್ಲುಗಳು ಎಲ್ಲವೂ ಇರುತ್ತವೆ.

ರಸ್ತೆ ದಾಟುವ ಅಜ್ಜಿ ಸೂತ್ರ ಬರೆದು ಲೆಕ್ಕ ಹಾಕುವುದಿಲ್ಲ. ಬರುತ್ತಿರುವ ವಾಹನವನ್ನು ನೋಡಿ ಅಂದಾಜು ಮಾಡುತ್ತಾಳೆ. ದೊಡ್ಡ ಬಸ್ಸಿಗೆ ಒಂದು ಅಂದಾಜು, ಹಳೆಯ ಸಣ್ಣ ಕಾರಿಗೆ ಇನ್ನೊಂದು. 'ಅಷ್ಟರಲ್ಲಿ ದಾಟಬಹುದು' ಎಂದು ಹೆಜ್ಜೆ ಇಡುತ್ತಾಳೆ. ಸ್ಲೀಪರಿನ ಮಜಾ ಇರುವುದೇ ಈ ಅಂದಾಜನ್ನು ಸುಳ್ಳು ಮಾಡುವುದರಲ್ಲಿ. ಇನ್ನೊಬ್ಬ ಕಾರಿನವನ ಅಂದಾಜು ಸುಳ್ಳಾದರೆ ಅವನಿಗೆ ಅವಮಾನ. ಅಜ್ಜಿಯ ಅಂದಾಜು ಸುಳ್ಳಾದರೆ ಆಕೆ ಮನೆಗೆ ಮರಳುವುದಿಲ್ಲ. 37 ಮೀಟರಿಗೂ 112 ಮೀಟರಿಗೂ ನಡುವಿನ 75 ಮೀಟರಿನಲ್ಲಿ ನಿಂತಿರುವವರು ಇಂಥವರೇ.

2023ರ ಮೇ 29ರಂದು ಟಿ. ನರಸೀಪುರದ ಕುರುಬೂರು ಬಳಿ ಕಾರು ಮತ್ತು ಖಾಸಗಿ ಬಸ್ ಡಿಕ್ಕಿಯಾಗಿ ಹತ್ತು ಜನ ತೀರಿಕೊಂಡದ್ದು ನಮಗೆಲ್ಲ ನೆನಪಿದೆ. ಅಲ್ಲಿ ಇಂಜಿನ್ ಬದಲಾವಣೆಯ ಪ್ರಶ್ನೆ ಇರಲಿಲ್ಲ. ಕಾರ್ಖಾನೆಯಿಂದ ಬಂದಂತೆಯೇ ಇರುವ ವಾಹನಗಳ ಚಲನ ಶಕ್ತಿಯೇ ಇಷ್ಟು ಮಾಡಬಲ್ಲದು ಎಂಬುದನ್ನು ಅರಿಯಲು ಅದನ್ನು ನೆನೆಯಬೇಕು.

ಆಸೆ ಇದ್ದವರಿಗೆ ದಾರಿ

ಇಂಜಿನ್ ಬಿಚ್ಚಿ ಜೋಡಿಸುವ ಕೈ ಇದ್ದರೆ ಅದು ದೊಡ್ಡ ವಿದ್ಯೆ, ಅದನ್ನು ಬಿಡಬೇಕಿಲ್ಲ. ಚಾಮರಾಜನಗರ, ಸತ್ಯಮಂಗಲದ ಮೂಲಕ ನಮ್ಮಿಂದ ಕೆಲವೇ ಗಂಟೆಗಳ ದೂರದ ಕೊಯಮತ್ತೂರಿನಲ್ಲಿ ಎಸ್. ಕರಿವರ್ಧನ್ ಎಂಬ ಎಂಜಿನಿಯರ್ ಇದ್ದರು. ಅವರು ದೊಡ್ಡ ಇಂಜಿನ್ ಹುಡುಕಲಿಲ್ಲ. ಮಾರುತಿ 800ರ 796 ಸಿಸಿ ಇಂಜಿನ್ನನ್ನೇ ತೆಗೆದುಕೊಂಡು ಅದಕ್ಕೆ ಹಗುರವಾದ ರೇಸ್ ಕಾರಿನ ಮೈ ಕಟ್ಟಿದರು. ಅದೇ ಫಾರ್ಮುಲಾ ಮಾರುತಿ. 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಓಡಿಸಲು ಶುರುಮಾಡಿದ್ದು ಇಂಥ ಕಾರುಗಳನ್ನು. ಕರಿವರ್ಧನ್ ಹೆಸರಿನ ರೇಸ್ ಟ್ರ್ಯಾಕ್ ಇಂದಿಗೂ ಕೊಯಮತ್ತೂರಿನಲ್ಲಿದೆ. ಜೋರಾಗಿ ಓಡಿಸುವ ಜಾಗ ಅದು. ಅಲ್ಲಿ ಎದುರಿನಿಂದ ಕಬ್ಬಿನ ಗಾಡಿ ಬರುವುದಿಲ್ಲ.

ಎಂಜಿನಿಯರಿಂಗ್ ಸೇರುವವರಿಗೆ ಬಾಹಾ ಎಂಬ ಸ್ಪರ್ಧೆ ಇದೆ. ಅದರ ಪೆಟ್ರೋಲ್ ವಿಭಾಗದಲ್ಲಿ ಎಲ್ಲ ತಂಡಗಳಿಗೂ ಒಂದೇ ಬಗೆಯ, ಸುಮಾರು 10 ಅಶ್ವಶಕ್ತಿಯ ಇಂಜಿನ್, ಅದನ್ನು ತಿದ್ದುವಂತಿಲ್ಲ. ಗೆಲ್ಲುವುದು ಚೌಕಟ್ಟು, ಸಸ್ಪೆನ್ಷನ್, ಬ್ರೇಕ್, ತೂಕ ಇವುಗಳನ್ನು ಚೆನ್ನಾಗಿ ಯೋಚಿಸಿದವರು. ಇನ್ನೊಂದು ಬಾಗಿಲನ್ನು ಸೆಕ್ಷನ್ 52 ತಾನೇ ತೆರೆದಿಟ್ಟಿದೆ: ಅನುಮೋದಿತ ಕಿಟ್ ಬಳಸಿ ಸಿಎನ್‌ಜಿ, ಎಲ್‌ಪಿಜಿ ಅಥವಾ ಬ್ಯಾಟರಿಗೆ ಬದಲಾಯಿಸಲು ಅವಕಾಶವಿದೆ. ಹಳೆಯ ಕಾರುಗಳಿಗೆ ವಿದ್ಯುತ್ ಮೋಟಾರ್ ಜೋಡಿಸುವುದನ್ನು ನಿಯಮದೊಳಗೆ ಕಲಿತವರಿಗೆ ಮುಂದೆ ಕೆಲಸ ಸಿಗುವ ದಾರಿ ಅದು.

ಯಾವ ದಾರಿ ಹಿಡಿದರೂ ಮೊದಲು ಕೇಳಬೇಕಾದ ಪ್ರಶ್ನೆ 'ಎಷ್ಟು ಓಡುತ್ತದೆ?' ಎಂಬುದಲ್ಲ, 'ಎಲ್ಲಿ ನಿಲ್ಲುತ್ತದೆ?' ಎಂಬುದು.

ಅಭ್ಯಾಸಕ್ಕೆ

1. 900 ಕೆ.ಜಿ.ಯ ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿದೆ. ಅದರ ಚಲನ ಶಕ್ತಿ ಎಷ್ಟು?
2. ಮಳೆಯಲ್ಲಿ ಘರ್ಷಣಾ ಗುಣಾಂಕ 0.4ಕ್ಕೆ ಇಳಿದರೆ, 60 ಕಿ.ಮೀ. ವೇಗದಿಂದ ಬ್ರೇಕ್ ಹಾಕಿದ ಮೇಲೆ ಕಾರು ಎಷ್ಟು ದೂರ ಹೋಗಿ ನಿಲ್ಲುತ್ತದೆ? (ಗುರುತ್ವ ವೇಗೋತ್ಕರ್ಷ 10 ಎಂದು ಹಿಡಿಯಿರಿ.)
3. ಕಾರಿನಲ್ಲಿ ಇನ್ನಿಬ್ಬರು ಕೂತು ದ್ರವ್ಯರಾಶಿ ಹೆಚ್ಚಿದರೆ, ಅದೇ ಘರ್ಷಣಾ ಗುಣಾಂಕದಲ್ಲಿ ನಿಲ್ಲುವ ದೂರ ಬದಲಾಗುತ್ತದೆಯೇ? ಬ್ರೇಕಿನ ಬಿಸಿ ಬದಲಾಗುತ್ತದೆಯೇ? ಕಾರಣ ಕೊಡಿ.
4. ವಾಣಿಜ್ಯ ಮತ್ತು ಕಲಾ ವಿಭಾಗದವರಿಗೆ: ವಾಹನದ ನಿಜವಾದ ವಿವರ ತಿಳಿಯುವ ಹಕ್ಕು ಕೊಳ್ಳುವವರು, ವಿಮಾ ಕಂಪನಿ, ರಸ್ತೆಯಲ್ಲಿರುವ ಇತರರು ಈ ಮೂವರಲ್ಲಿ ಯಾರಿಗೆ, ಏಕೆ? ಒಂದು ಪುಟ ಬರೆಯಿರಿ.

ಉತ್ತರಗಳು: 1. ಸುಮಾರು 2.22 ಲಕ್ಷ ಜೂಲ್. 2. ಸುಮಾರು 35 ಮೀಟರ್. 3. ದೂರ ಬದಲಾಗದು, ಏಕೆಂದರೆ ಸೂತ್ರದಲ್ಲಿ ದ್ರವ್ಯರಾಶಿ ಎರಡೂ ಕಡೆ ಹೊಡೆದುಹೋಗುತ್ತದೆ. ಬಿಸಿ ಮಾತ್ರ ಹೆಚ್ಚುತ್ತದೆ, ಏಕೆಂದರೆ ಕಳೆಯಬೇಕಾದ ಶಕ್ತಿ ಹೆಚ್ಚಾಗಿದೆ. 4. ನಿಮ್ಮ ಉತ್ತರವನ್ನು ನಿಮ್ಮ ವಿಭಾಗದ ಉಪನ್ಯಾಸಕರಿಗೆ ಕೊಡಿ.